ವಿರೂಪಣ್ಣನವರ ಗಾಡಿಗೆ ಅರ್ಥವಿಲ್ಲ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರಾದ ವಿರೂಪಣ್ಣನವರಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ಕೊಟ್ಟವನು ಅಷ್ಟಕ್ಕೇ ಸುಮ್ಮನಿರಬಾರದೇ? ಮೇಲೊಬ್ಬ ಷಡ್ಡಕನನ್ನೂ ಕೊಟ್ಟ. ಅಲ್ಲಿಗೆ ಕೊಟ್ಟದ್ದೆಲ್ಲ ಮಣ್ಣುಪಾಲಾಯಿತು.

ಷಡ್ಡಕನ ಹೆಸರು ಹಂಪಣ್ಣ. ರಾಯಚೂರಿನಲ್ಲಿ ಅರಳೆ ವ್ಯಾಪಾರ. ವಿರೂಪಣ್ಣನವರ ಹೆಂಡತಿ ಗುರುಶಾಂತಮ್ಮನ ತಂಗಿಯನ್ನು ಕಟ್ಟಿಕೊಂಡವನು. ವಯಸ್ಸಿನಲ್ಲಿ ಚಿಕ್ಕವನಾದರೂ ಯಾವುದರಲ್ಲಿ ನೋಡಿದರೂ ಒಂದು ಹೆಜ್ಜೆ ಮುಂದೆ. ಇವರು ಕಬ್ಬಿಣದ ಕಪಾಟು ತಂದರೆ ಅವನದಕ್ಕೆ ಆಳೆತ್ತರದ ಕನ್ನಡಿ. ಇವರು ಫ್ಯಾನು ಹಾಕಿಸಿದರೆ ಅವನ ಮನೆಯಲ್ಲಿ ಕೂಲರು. ಇವರು ಬಿದ್ದುಹೋದ ಹಲ್ಲನ್ನು ಕಟ್ಟಿಸಿಕೊಂಡರೆ, ಅವನು ಗಟ್ಟಿಮುಟ್ಟಾಗಿದ್ದ ಹಲ್ಲಿಗೇ ಬಂಗಾರದ ಕವಚ ತೊಡಿಸಿಕೊಂಡು ಬಂದು ನಕ್ಕಿದ್ದ. (ಆ ನಗೆಯನ್ನು ವಿರೂಪಣ್ಣನವರು ಇನ್ನೂ ಕ್ಷಮಿಸಿಲ್ಲ.)

ಎಂಬತ್ಮೂರನೇ ಇಸವಿಯಲ್ಲಿ ಹಂಪಣ್ಣ ತನ್ನ ಕಾರಿಗೆ ಟೇಪು ಕೂಡಿಸಿದ. ಹದಿನೈದೇ ದಿನಕ್ಕೆ ವಿರೂಪಣ್ಣನವರೂ ಹೈದರಾಬಾದಿನಿಂದ ಒಂದು ತರಿಸಿ, ತಮ್ಮ ಗಿರಣಿಯ ಮೋಟಾರು ನೋಡಿಕೊಳ್ಳುವ ಸಾಬಣ್ಣನ ಕೈಯಲ್ಲೇ ಕಾರಿಗೆ ಕೂಡಿಸಿದರು. ಇಪ್ಪತ್ತು ಹಾರ್ಸ್‌ಪವರಿನ ಮೋಟಾರು ಪಳಗಿಸಿದವನಿಗೆ ಅಂಗೈಯಗಲದ ಟೇಪು ಯಾವ ದೊಡ್ಡ ಮಾತು!

ಟೇಪು ಹಾಡಿತು. ಅದರ ಹಿಂದೆಯೇ ಇನ್ನೇನೋ ಒಂದು ಹಾಡಿತು. ಕುಂಯ್‌ಯ್‌ಯ್‌ಯ್...

ಗಾಡಿ ನಿಂತಿದ್ದರೆ ಸದ್ದಿಲ್ಲ. ಇಂಜಿನ್ ಚಾಲೂ ಆಯಿತೋ, ಕುಂಯ್. ಆಕ್ಸಲರೇಟರ್ ತುಳಿದಷ್ಟೂ ಅದು ಮೇಲೇರುತ್ತದೆ, ಕಾಲು ತೆಗೆದರೆ ಕೆಳಗಿಳಿಯುತ್ತದೆ. ಹಂಪಣ್ಣನ ಗಾಡಿಯಲ್ಲೋ, ಹಾಡು ತಿಳಿನೀರು! ವಿರೂಪಣ್ಣನವರಿಗೆ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದಂತಾಯಿತು.

ಆ ವಾರವೇ ಅತ್ತೆ ಚನ್ನಮಲ್ಲಮ್ಮ ದೇವದುರ್ಗದಿಂದ ಮಾನ್ವಿಗೆ ಬರುವುದಿತ್ತು. ಸೋಮವಾರ ಸೋಮವಾರ ಭಜನೆಯಲ್ಲಿ ಮುಂದೆ ಕುಳಿತು ಹಾಡುವ ಹೆಂಗಸು ಅವರು. ವಿರೂಪಣ್ಣನವರು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಭಕ್ತಿಗೀತೆ ಹಚ್ಚಿದರು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಕಣ್ಣು ಮುಚ್ಚಿ, ಮಾನ್ವಿ ಬರುವವರೆಗೂ ತಲೆ ಅಲ್ಲಾಡಿಸುತ್ತಿದ್ದಾರೆ. ಪಾಪ, ಕುಂಯ್ ತಾಳಲಾರದೆ ಒದ್ದಾಡುತ್ತಿದ್ದಾರೆ ಎಂದು ವಿರೂಪಣ್ಣನವರ ಜೀವ ಹಿಡಿಯಷ್ಟಾಯಿತು. ನಾಚಿಕೆಯಿಂದ ಏನೂ ಕೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನಾದರೂ ಯಾಕೆ ಹೇಳುತ್ತಿದ್ದೆ? ಅತ್ತೆಯ ತಮ್ಮ ರಾಯಚೂರಿನಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಬಳಗವೆಲ್ಲ ಸೇರುವುದು. ದೇವದುರ್ಗದಿಂದ ಅತ್ತೆಯನ್ನು ಕರೆತರಲು ಇಬ್ಬರು ಅಳಿಯಂದಿರೂ ಕಾರು ತರುತ್ತೇವೆ ಎಂದು ಹೇಳಿಬಿಟ್ಟಿದ್ದರು. ಇನ್ನೂರು ಜನ ನೆಂಟರ ಕಣ್ಣೆದುರು ಅತ್ತೆ ಯಾರ ಗಾಡಿಯಿಂದ ಇಳಿಯುತ್ತಾರೋ ಅವನು ಅಳಿಯ. ಇನ್ನೊಬ್ಬ ಬರೀ ಡ್ರೈವರು.

"ನಮ್ಮವ್ವ ಯಾರ ಗಾಡಿ ಹತ್ತತಾಳ ಅನ್ನೋದು ಆಕೀಗೇ ಬಿಟ್ಟದ್ದು," ಎಂದಳು ಗುರುಶಾಂತಮ್ಮ. "ಆದ್ರ ಕಿವಿ ಇದ್ದೋರು ಯಾರೂ ನಿಮ್ಮ ಗಾಡಿ ಹತ್ತಂಗಿಲ್ಲ, ನೋಡ್ರಿ."

"ನೀ ಹತ್ತತೀ ಅಲ್ಲ?"

"ನನ್ನನ್ನ ಕೊಟ್ಟಾರ. ಏನ್ ಮಾಡ್ಲಿ?"

ಅಂದಿನಿಂದ ಕುಂಯ್ ನಿರ್ಮೂಲನಾ ಮಹಾಯಜ್ಞ ಶುರುವಾಯಿತು. ಮೊದಲು ಕ್ಯಾಸೆಟ್ಟಿನ ಮೇಲೆ ಅನುಮಾನ. ಏಳು ಕ್ಯಾಸೆಟ್ ಬದಲಾಯಿಸಿದರೂ ಏಳರಲ್ಲೂ ಅದೇ ರಾಗ. ಆಮೇಲೆ ಸ್ಪೀಕರು ಬಿಚ್ಚಿಸಿದರು. ಒಳಗೆ ಹಿಡಿಯಷ್ಟು ಶೇಂಗಾ ಸಿಪ್ಪೆ ಸಿಕ್ಕಿತೇ ಹೊರತು ಕುಂಯ್ ಸಿಗಲಿಲ್ಲ. ಗುರುಶಾಂತಮ್ಮ ದೃಷ್ಟಿಯಾಗಿದೆ ಎಂದು ಬಾನೆಟ್ಟಿಗೆ ನಿಂಬೆಹಣ್ಣು ಕಟ್ಟಿದಳು. ಸಾಬಣ್ಣ ಎಲ್ಲಾ ವೈರು ಕಿತ್ತು ಮತ್ತೆ ಕೂಡಿಸಿದ. ಈಗ ಕುಂಯ್ ಜೊತೆಗೆ ಹಾರ್ನ್ ಒತ್ತಿದರೆ ವೈಪರು ಓಡತೊಡಗಿತು.

ಕೊನೆಗೆ ಗತಿಯಿಲ್ಲದೆ ರಾಯಚೂರಿನ ಖಾಜಾಮಿಯಾನನ್ನು ಕರೆಸಬೇಕಾಯಿತು. ಹಂಪಣ್ಣನ ಗಾಡಿಗೆ ಟೇಪು ಕೂಡಿಸಿದವನೇ ಈ ಮೆಕ್ಯಾನಿಕ್. (ಶತ್ರುವಿನ ವೈದ್ಯನ ಕೈಗೆ ನಾಡಿ ಕೊಡುವ ಸಂಕಟ ನಿಮಗೂ ತಿಳಿದಿರಬಹುದು.) ಖಾಜಾಮಿಯಾ ಇಂಜಿನ್ ಹಚ್ಚಿದ, ಆರಿಸಿದ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಹೊರಗೆ ಬಂದು ಗಂಭೀರವಾಗಿ ಹೇಳಿದ:

"ಸಾವ್ಕಾರ್ರ, ನಿಮ್ಮ ಗಾಡೀಗೆ ಅರ್ಥ್ ಇಲ್ಲರೀ."

ವಿರೂಪಣ್ಣನವರ ಮೀಸೆ ಅದುರಿತು. "ಏನಂದಿ? ಇಡೀ ಮಾನ್ವಿಯಾಗ ಕಾರು ಇರೋವೇ ನಾಕು. ಅದ್ರಾಗ ಒಂದು ನಂದು. ಅದಕ್ಕ ಅರ್ಥ ಇಲ್ಲಾ?"

"ಬಿಲ್ಕುಲ್ ಇಲ್ಲರೀ."

"ಹಂಪಣ್ಣನ ಗಾಡೀಗೆ ಅದ?"

"ಪಕ್ಕಾ ಅದರೀ. ನಾನೇ ಕೊಟ್ಟೀನಿ."

"ಅವನ ಗಾಡೀಗೆ ಅರ್ಥ ಕೊಟ್ಟು, ನಂದಕ್ಕ ಇಲ್ಲಂತ ಹೇಳಾಕ ಇಲ್ಲೀತನ ಬಂದೀಯೇನು?"

ಕಟ್ಟೆಯ ಮೇಲೆ ಮೆಂತ್ಯೆಪಲ್ಯ ಬಿಡಿಸುತ್ತಿದ್ದ ಗುರುಶಾಂತಮ್ಮ ಅಲ್ಲಿಂದಲೇ ಅಂದಳು: "ಅವರಿಗೆ ಅರ್ಥ ಆಗಂಗಿಲ್ಲ, ಬಿಡಪಾ ಖಾಜಾಮಿಯಾ. ಇಪ್ಪತ್ತೆರಡು ವರ್ಷ ಆತು, ನಾ ಹೇಳಿದ್ದೇ ಇನ್ನೂ ಆಗಿಲ್ಲ."

ಖಾಜಾಮಿಯಾ ತಾಳ್ಮೆಯಿಂದ ಬಿಡಿಸಿ ಹೇಳಿದ. "ಅರ್ಥ್ ಅಂದ್ರ ಕರೆಂಟ್ ಹೊಳ್ಳಿ ಹೋಗೋ ದಾರಿ ರೀ. ಬಾಡಿ ಕಬ್ಬಿಣಕ್ಕ ಮುಟ್ಟಬೇಕು. ನಿಮ್ಮ ಸಾಬಣ್ಣ ಬಣ್ಣದ ಮ್ಯಾಲೆ ಸ್ಕ್ರೂ ಹೊಡದಾನ. ದಾರಿ ಇಲ್ಲಂದ್ರ ಕರೆಂಟ್ ಎಲ್ಲಿ ಹೋಗಬೇಕು? ಸ್ಪೀಕರದಾಗ ಹೊಕ್ಕೊಂಡು ಅಳ್ತದ."

ಬಣ್ಣ ಕೆರೆದರು. ದಪ್ಪ ವೈರು ಎಳೆದು ಕಬ್ಬಿಣಕ್ಕೆ ಬಿಗಿದರು. ಕುಂಯ್ ಅರ್ಧಕ್ಕಿಳಿಯಿತು. ಉಳಿದರ್ಧ ಡೈನಮೋದಿಂದ ಬರುತ್ತಿದೆಯಂತೆ. ಅದರ ಬಾಯಿಗೆ ಒಂದು ಕಂಡೆನ್ಸರ್ ಕೂಡಿಸಿದರೆ ಅದು ಕುಂಯ್ ಎಂಬುದನ್ನು ಅಲ್ಲೇ ನುಂಗುತ್ತದಂತೆ. ಆದರೆ ಸಾಮಾನು ಎಲ್ಲೂ ಸಿಗುತ್ತಿಲ್ಲವಂತೆ. ವಿರೂಪಣ್ಣನವರು ಗಿರಣಿ ಮರೆತು, ಊಟ ಮರೆತು, ಸಿಕ್ಕಸಿಕ್ಕವರನ್ನೆಲ್ಲ ಕಂಡೆನ್ಸರ್ ಕಂಡೆನ್ಸರ್ ಎಂದು ಕಾಡಿದರು. ಗೃಹಪ್ರವೇಶಕ್ಕೆ ಎರಡು ದಿನವಿದ್ದಾಗ ಖಾಜಾಮಿಯಾ ಬಸ್ಸಿನಿಂದ ಇಳಿದು, ಜೇಬಿನಿಂದ ಬೆರಳುದ್ದದ ಡಬ್ಬಿ ತೆಗೆದ.

"ಒಂದು ಸಿಕ್ತರೀ, ಸಾವ್ಕಾರ್ರ."

ಎಲ್ಲಿ ಸಿಕ್ಕಿತೆಂದು ವಿರೂಪಣ್ಣನವರು ಕೇಳಲಿಲ್ಲ. (ಕೇಳಬೇಕಿತ್ತು.) ಕೂಡಿಸಿ ಇಂಜಿನ್ ಹಚ್ಚಿದರು. ಕುಂಯ್ ಸತ್ತಿತ್ತು! ಹಾಡು ಮಾತ್ರ ಉಳಿದಿತ್ತು. ವಿರೂಪಣ್ಣನವರು ಖಾಜಾಮಿಯಾನನ್ನು ಗ್ರೀಸ್ ಸಮೇತ ಅಪ್ಪಿಕೊಂಡರು.

ಗೃಹಪ್ರವೇಶದ ದಿನ ಬೆಳಿಗ್ಗೆ ದೇವದುರ್ಗದಲ್ಲಿ ಅತ್ತೆಯ ಮನೆ ಮುಂದೆ ಎರಡು ಕಾರು ಅಕ್ಕಪಕ್ಕ ನಿಂತವು. ಇಂಜಿನ್ ಎರಡೂ ಚಾಲೂ. ವಿರೂಪಣ್ಣನವರು ಗತ್ತಿನಿಂದ ಟೇಪು ಹಚ್ಚಿದರು. ಹಂಪಣ್ಣನೂ ಹಚ್ಚಿದ. ಅವನ ಗಾಡಿಯೊಳಗಿಂದ ಬಂತು: ಕುಂಯ್‌ಯ್‌ಯ್...

ಅಹಹ! ವಿರೂಪಣ್ಣನವರ ಜನ್ಮದಲ್ಲಿ ಅಂಥ ಸುಖದ ಗಳಿಗೆ ಬಂದದ್ದಿಲ್ಲ. ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ. "ಏನಪಾ ಹಂಪಣ್ಣ, ಗಾಡೀಗೆ ಅರ್ಥ ಹೋಗ್ಯದೇನು?" ಎಂದು ಕನಿಕರ ಸುರಿಸಿ ಕೇಳಿದರು.

ಅಷ್ಟರಲ್ಲಿ ಚನ್ನಮಲ್ಲಮ್ಮ ಹೊರಗೆ ಬಂದರು. ಮೊದಲು ದೊಡ್ಡಳಿಯನ ಗಾಡಿಗೆ ಕಿವಿಕೊಟ್ಟರು. ಮುಖ ಸಪ್ಪಗಾಯಿತು.

"ಯಾಕ ವಿರೂಪಣ್ಣ, ನಿಮ್ಮ ಗಾಡ್ಯಾಗ ಸೂರು ಹಿಡಿಯೋದು ಎಲ್ಲಿ ಹೋತು?"

"ಸೂರು?"

"ಹ್ಞೂಂ ಮತ್ತ. ಹೋದ ಸಲ ಹಾಡಿನ ಹಿಂದ ತಂಬೂರಿಗತೆ ಶ್ರುತಿ ಹಿಡಕೊಂಡು ಬರ್ತಿತ್ತಲ್ಲ! ದಿಬ್ಬ ಏರೋ ಮುಂದ ಏರಸ್ತಿತ್ತು, ಇಳಿಯೋ ಮುಂದ ಇಳಸ್ತಿತ್ತು. ತಲಿದೂಗಿ ತಲಿದೂಗಿ ನನ್ನ ಕುತ್ತಿಗೀನೇ ಹಿಡಕೊಂಡಿತ್ತು. ಸೂರು ಇಲ್ಲದ ಹಾಡು ಉಪ್ಪಿಲ್ಲದ ಸಾರು ಇದ್ದಂಗ. ಹಂಪಣ್ಣನ ಗಾಡ್ಯಾಗ ಅದ ನೋಡ್ರಿ, ನಾ ಅದರಾಗ ಬರ್ತೀನಿ."

ಹಂಪಣ್ಣ ವಿರೂಪಣ್ಣನವರ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ತಿಂಗಳಿಂದ ಅತ್ತಿ ಬಾಯಾಗ ನಿಮ್ಮ ಗಾಡೀದೇ ಮಾತು, ಅಣ್ಣಾರ. ನನಗ ಹೊಟ್ಟೆಕಿಚ್ಚಿಗೆ ಅನ್ನ ಸೇರಲಿಲ್ಲ. ನನ್ನ ಗಾಡ್ಯಾಗೂ ಆ ಸೂರು ಬರಲಿ ಅಂತ ಖಾಜಾಮಿಯಾನ ಬೆನ್ನುಹತ್ತಿ ಕಂಡೆನ್ಸರ್ ಕೀಳಿಸಿದೆ. ಮಾನ್ವಿಯಾಗ ಯಾವನೋ ಒಬ್ಬ ಹುಚ್ಚು ಹಿಡದಂಗ ಅದನ್ನ ಹುಡಕಾಕತ್ತಾನ ಅಂತ ಅವನೇ ಒಯ್ದ."

ಅತ್ತೆ ಹಂಪಣ್ಣನ ಗಾಡಿಯ ಬಾಗಿಲಿಗೆ ಕೈ ಹಚ್ಚಿಯೇಬಿಟ್ಟಿದ್ದರು. ಇನ್ನೂರು ನೆಂಟರು, ಅವರೆದುರು ಬರೀ ಡ್ರೈವರಾಗಿ ಇಳಿಯುವ ತಾವು, ಎಲ್ಲವೂ ವಿರೂಪಣ್ಣನವರ ಕಣ್ಣಿಗೆ ಕಟ್ಟಿತು. ಓಡಿಹೋಗಿ ಅಡ್ಡ ನಿಂತರು.

"ಅತ್ತೀ! ಸೂರು ತಾನೇ? ನಾ ಹಿಡೀತೀನಿ!"

"ನೀವು?"

"ಬಾಯಿಲೆ ಹಿಡೀತೀನ್ರಿ. ನಮ್ಮ ಗಾಡೀನೇ ಹತ್ತ್ರಿ."

ಚನ್ನಮಲ್ಲಮ್ಮ ಅಳಿಯನ ಮುಖವನ್ನೊಮ್ಮೆ ನೋಡಿ, ಕರಗಿ, ಹತ್ತಿದರು. ಗಂಡನ ಜೊತೆ ಮಾನ್ವಿಯಿಂದ ಬಂದಿದ್ದ ಗುರುಶಾಂತಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅವ್ವನ ಪಕ್ಕದಲ್ಲಿ ಕುಳಿತಳು. ಗಾಡಿ ಹೊರಟಿತು. ಟೇಪು ಹಾಡಿತು. ಮಾನ್ವಿಯ ಪ್ರತಿಷ್ಠಿತ ಗಿರಣಿ ಮಾಲೀಕರು ಎರಡು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮೂಗಿನಿಂದ ಕುಂಯ್‌ಯ್‌ಯ್ ಎಂದರು.

ಮಸರಕಲ್ ಬರುವಷ್ಟರಲ್ಲಿ ಗಂಟಲು ಒಣಗಿತ್ತು. "ದಿಬ್ಬ ಬಂತಲ್ಲ, ಏರಸ್ರಿ!" ಎಂದರು ಅತ್ತೆ. ಏರಿಸಿದರು. "ಗೇರ್ ಹಾಕೋ ಮುಂದ ಕಡೀಬ್ಯಾಡ್ರಿ!" ಎಂದಳು ಹೆಂಡತಿ. ಕಡಿಯಲಿಲ್ಲ. ಗಬ್ಬೂರಿನ ಹತ್ತಿರ ಎಮ್ಮೆ ಅಡ್ಡ ಬಂದಾಗಲೂ ಬ್ರೇಕಿನ ಜೊತೆಗೆ ಸೂರನ್ನೂ ಇಳಿಸಿದರೇ ಹೊರತು ಬಿಡಲಿಲ್ಲ. ಕಲ್ಮಲದಲ್ಲಿ ಮಾತ್ರ ಇನ್ನಾಗದೆ, ಗಾಡಿ ನಿಲ್ಲಿಸಿ ಎರಡು ಚೊಂಬು ನೀರು ಕುಡಿದರು. ಹಿಂದೆ ಹಂಪಣ್ಣನ ಗಾಡಿ ಖಾಲಿ ಬರುತ್ತಿರುವುದನ್ನು ಕಂಡು ಜೀವ ತಂಪಾಯಿತು. ಮತ್ತೆ ಹೊರಟರು.

ರಾಯಚೂರಿನ ಹೊಸ ಮನೆ ಮುಂದೆ ಬಳಗವೆಲ್ಲ ನೆರೆದಿತ್ತು. ವಿರೂಪಣ್ಣನವರು ಎದೆ ಸೆಟೆಸಿ ಇಳಿದು, ಎಲ್ಲರಿಗೂ ಕಾಣುವ ಹಾಗೆ ಹಿಂದಿನ ಬಾಗಿಲು ತೆರೆದರು. ಅತ್ತೆ ಇಳಿದರು. "ನಮ್ಮ ಗಾಡ್ಯಾಗ ಕರ್ಕೊಂಡು ಬಂದೆ" ಎಂದು ಗಟ್ಟಿಯಾಗಿ ಹೇಳಬೇಕೆಂದು ಬಾಯಿ ತೆರೆದರೆ, ಕುಂಯ್ ಎಂದಷ್ಟೇ ಬಂತು.

"ಪ್ರಯಾಣ ಆರಾಮ ಆತೇನಕ್ಕಾ?" ಎಂದು ತಮ್ಮ ಕೇಳಿದ.

"ಆತಪಾ, ಬರೋದೇನೋ ಬಂದೆ," ಎಂದರು ಚನ್ನಮಲ್ಲಮ್ಮ, ಇನ್ನೂರು ಜನಕ್ಕೂ ಕೇಳುವ ಹಾಗೆ. "ಹೊಳ್ಳಿ ಹೋಗೋ ಮುಂದ ಹಂಪಣ್ಣನ ಗಾಡ್ಯಾಗ ಹೋಗ್ತೀನಿ. ಈ ಗಾಡಿ ಸೂರು ಕಲ್ಮಲದಾಗ ನಿಂತು ನೀರು ಕುಡೀತು."