ನಾನು ಪ್ರಭಾವ ಬೀರಿದ್ದು

ಸಂಶೋಧನೆ ಮಾಡಿದವರೆಲ್ಲ ಒಂದು ಸತ್ಯವನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿರುತ್ತೇವೆ. ನಾವು ಬರೆದದ್ದನ್ನು ಯಾರೂ ಓದುವುದಿಲ್ಲ. ನನ್ನ ಪಿಎಚ್.ಡಿ. ಪ್ರಬಂಧವನ್ನು ಪೂರ್ತಿ ಓದಿದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ಅದನ್ನು ಟೈಪ್ ಮಾಡಿಕೊಟ್ಟ ಹೆಣ್ಣುಮಗಳು. ಮಾರ್ಗದರ್ಶಕರೂ ಓದಿದ್ದಾರೆ ಎಂಬ ಗುಮಾನಿ ಒಮ್ಮೆ ಬಂದಿತ್ತು. ಮೆಲ್ಲಗೆ ವಿಚಾರಿಸಿದಾಗ ಅದು ಸುಳ್ಳೆಂದು ತಿಳಿಯಿತು. ಮನೆಯಲ್ಲಿರುವ ಪ್ರತಿಯನ್ನು ನನ್ನ ಹೆಂಡತಿ ಸುಮಂಗಲ ಸೀರೆಗಳ ಮಡಿಕೆ ಕೂರಲಿ ಎಂದು ಅವುಗಳ ಮೇಲೆ ಹೇರಿಟ್ಟಿದ್ದಾಳೆ. ನಾಡಿನ ಮೇಲೆ ಆಗದ ಪ್ರಭಾವ ಸೀರೆಗಳ ಮೇಲಾದರೂ ಆಗಿದೆ.

ನಾನು ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡು ಹೊಳಲ್ಕೆರೆ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ. ನನ್ನ ಪ್ರಬಂಧದ ವಿಷಯ ನನ್ನ ತರಗತಿಯೇ. ಬೆಳಿಗ್ಗೆ ಒಂಬತ್ತರ ಮೊದಲನೇ ಪಾಠಕ್ಕೆ ಹುಡುಗಿಯರು ಯಾಕೆ ಬರುವುದಿಲ್ಲ ಎಂಬುದು ಪ್ರಶ್ನೆ. ಸಮಾಜಶಾಸ್ತ್ರ ತೆಗೆದುಕೊಂಡವರೆಲ್ಲ ಬಿ.ದುರ್ಗ ಹೋಬಳಿಯ ಹಳ್ಳಿಗಳ ಹುಡುಗಿಯರು. ಬರುವುದಕ್ಕೆ ಇರುವುದು ಒಂದೇ ವಸ್ತಿ ಬಸ್ಸು. ಅದು ರಾತ್ರಿ ಹಳ್ಳಿಯಲ್ಲೇ ತಂಗಿ ಬೆಳಿಗ್ಗೆ ಹೊರಟು, ಊರೂರಿಗೂ ನಿಂತು, ಕಾಲೇಜು ಮುಟ್ಟುವ ಹೊತ್ತಿಗೆ ಒಂಬತ್ತೂಕಾಲು ದಾಟಿರುತ್ತಿತ್ತು. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದ ಹುಡುಗಿಯನ್ನು ಮನೆಯವರು ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ. ಹೀಗೆ ಎರಡು ಬೆಂಚು ಖಾಲಿಯಾಗಿದ್ದವು. ಮೂರನೇ ಬೆಂಚಿನಲ್ಲಿದ್ದ ಕಾವ್ಯ ಎಂಬ ಚುರುಕು ಹುಡುಗಿಯ ಹಾಜರಿಯೂ ಅಂಚಿಗೆ ಬಂದಿತ್ತು. ಇದಕ್ಕೆಲ್ಲ ನಾನು ಹನ್ನೊಂದು ಕಾರಣಗಳನ್ನು ಕಂಡುಹಿಡಿದಿದ್ದೆ. ಅದರಲ್ಲಿ ಎರಡು ಜಾಗತೀಕರಣಕ್ಕೆ ಸಂಬಂಧಿಸಿದವು.

ಹೀಗಿರುವಾಗ ಚಿತ್ರದುರ್ಗದಲ್ಲಿ ಎರಡು ದಿನದ ತರಬೇತಿಗೆ ಬರಬೇಕೆಂದು ಕಾಗದ ಬಂತು. ಸಂಶೋಧಕರು ಸರ್ಕಾರದ ನೀತಿಗಳ ಮೇಲೆ ಪ್ರಭಾವ ಬೀರುವುದು ಹೇಗೆ ಎಂಬುದು ವಿಷಯ. ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಊಟ ಅವರದ್ದೇ ತಾನೆ ಎಂದಳು.

ತರಬೇತಿ ಕೊಡಲು ಬಂದಿದ್ದ ಮೇಡಂ ಬಹಳ ಚೂಟಿ. ಅಧಿಕಾರದಲ್ಲಿರುವವರಿಗೆ ಪುರುಸೊತ್ತಿರುವುದಿಲ್ಲ, ಹಾಗಾಗಿ ಏನು ತೊಂದರೆ, ಏನು ಮಾಡಬೇಕು, ಯಾರು ಮಾಡಬೇಕು ಎಂಬ ಮೂರನ್ನೇ ಮೂರು ಮಾತಿನಲ್ಲಿ ಹೇಳಿ ಮುಗಿಸಿ ಎಂದರು. ‘ಬಹುಶಃ’ ಎಂಬ ಪದವನ್ನು ಎರಡು ದಿನ ಯಾರೂ ಬಾಯಿಗೆ ತರಬಾರದು ಎಂದೂ ಕಟ್ಟಪ್ಪಣೆ ಮಾಡಿದರು. ಸಭೆಯಲ್ಲಿ ಅರ್ಧ ಜನ ಅಲ್ಲಿಗೇ ಮೂಕರಾದರು. ಆಮೇಲೆ ಅಭ್ಯಾಸ. ಸಚಿವರು ಲಿಫ್ಟಿನಲ್ಲಿ ಸಿಕ್ಕಿದ್ದಾರೆ, ಮೇಲಿನ ಮಹಡಿ ಬರುವಷ್ಟರಲ್ಲಿ ನಿಮ್ಮ ಮಾತು ಮುಗಿಯಬೇಕು. ನಾವಿದ್ದ ಕಟ್ಟಡಕ್ಕೆ ಮಹಡಿಯೇ ಇರಲಿಲ್ಲವಾಗಿ ಮೇಡಂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು ಅದೇ ಲಿಫ್ಟು ಎಂದರು. ಹೊಸದುರ್ಗದಿಂದ ಬಂದಿದ್ದ ಸಸ್ಯಶಾಸ್ತ್ರದ ಮೇಷ್ಟ್ರು ಕುರಿ ಮೇಯುವ ಹುಲ್ಲುಗಳ ಮೇಲೆ ಹನ್ನೆರಡು ವರ್ಷ ದುಡಿದವರು. ಸಚಿವರಾಗಿದ್ದವನು ನಾನು. ನೀವು ಮುಂದೆ ಹೋಗ್ರಿ ಎಂದು ಅವರು, ಛೆ ಛೆ ನೀವು ಹಿರಿಯರು ಎಂದು ನಾನು, ಇಬ್ಬರೂ ಗೆರೆಯ ಆಚೆಯೇ ನಿಂತುಬಿಟ್ಟೆವು. ಲಿಫ್ಟು ಖಾಲಿಯೇ ಮೇಲೆ ಹೋಯಿತು ಎಂದು ಮೇಡಂ ಸಾರಿದರು.

ನನ್ನ ಸರದಿ ಬಂದಾಗ ಹೊಸದುರ್ಗದವರು ಸಚಿವರಾದರು. ನಾನು ಹುಷಾರಾಗಿ ಮೊದಲೇ ಚೌಕದೊಳಗೆ ಕಾಲಿಟ್ಟೆ. ಆದರೆ ದೊಡ್ಡ ಮನುಷ್ಯರು ಎದುರಾದಾಗ ಏಕಾಏಕಿ ಕೆಲಸದ ಮಾತೆತ್ತುವುದು ನಮ್ಮ ಕಡೆ ರೂಢಿಯಲ್ಲ. ನಮಸ್ಕಾರ ಮಾಡಿದೆ. ಆರೋಗ್ಯ ಕೇಳಿದೆ. ಸ್ವಂತ ಊರು ಬಾಗೂರು ಎಂದರು. ಬಾಗೂರಿನಲ್ಲಿ ನನ್ನ ಚಿಕ್ಕಮ್ಮನ ಬೀಗರಿದ್ದಾರೆ. ಅವರ ಮನೆ ಯಾವ ಓಣಿಯಲ್ಲಿದೆ ಎಂಬುದನ್ನು ನಾವಿಬ್ಬರೂ ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಮಹಡಿ ಬಂದುಬಿಟ್ಟಿತು. ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತರು.

ತಿಂಗಳೊಳಗೆ ನಿಜವಾದ ಅಧಿಕಾರಿಯೊಬ್ಬರನ್ನು ಭೇಟಿಯಾಗಿ ಫಲಿತಾಂಶ ತಿಳಿಸಬೇಕೆಂದು ಮನೆಗೆಲಸ ಕೊಟ್ಟಿದ್ದರು. ಇನ್ನೂರು ಚಿಲ್ಲರೆ ಪುಟವನ್ನು ಒಂದು ಪುಟಕ್ಕಿಳಿಸಿಕೊಂಡು ಬಸ್ ಡಿಪೋ ಅಧಿಕಾರಿಯ ಕೋಣೆಗೆ ಹೋದೆ. ಮನುಷ್ಯ ಒಳ್ಳೆಯವರು. ಕುಂತ್ಕಳ್ರಿ ಎಂದು ಚಹಾ ತರಿಸಿ, ಮಾತು ಕೇಳಿ, ತಮ್ಮ ದಾಖಲೆ ತೆಗೆದು ತೋರಿಸಿದರು. ಅದರ ಪ್ರಕಾರ ಬಸ್ಸು ಏಳೂವರೆಗೆ ಸರಿಯಾಗಿ ಹೊರಡುತ್ತಿತ್ತು. ಆಮೇಲೆ ಕನ್ನಡಕ ತೆಗೆದಿಟ್ಟು, “ಆತು ಸರ್, ಈಗ ನಾನೇನ್ ಮಾಡ್ಬೇಕು ಹೇಳ್ರಿ” ಅಂದರು.

ಹನ್ನೆರಡು ವರ್ಷದ ನನ್ನ ನೌಕರಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಪ್ರಬಂಧದ ಕೊನೆಯ ಪುಟವಷ್ಟೇ ಕಣ್ಣ ಮುಂದೆ ಬಂತು. ಈ ಬಗ್ಗೆ ಇನ್ನೂ ಆಳವಾದ ಅಧ್ಯಯನದ ಅಗತ್ಯವಿದೆ ಎಂದುಬಿಟ್ಟೆ. ಅವರ ಮುಖ ಅರಳಿತು. ಖಂಡಿತ ಮಾಡ್ರಿ, ನಮ್ಮ ಸಂಪೂರ್ಣ ಸಹಕಾರ ಐತೆ ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಆಡಿದ ತಪ್ಪಿಗೆ ಆಳವಾದ ಅಧ್ಯಯನಕ್ಕೆಂದು ಮಾರನೇ ದಿನ ನಸುಕಿನಲ್ಲೇ ಬಸ್ಸು ತಂಗುವ ಹಳ್ಳಿಗೆ ಬೈಕಿನಲ್ಲಿ ಹೋದೆ. ಬಸ್ ನಿಲ್ಲುವ ಜಾಗದಲ್ಲೇ ಕಾವ್ಯಳ ತಾಯಿ ಗೌರಮ್ಮನ ತಿಂಡಿ ಹೋಟೆಲು. ಮೂರು ವರ್ಷ ಸಮೀಕ್ಷೆಗೆ ಬಂದಾಗಲೆಲ್ಲ ನಾನು ಉಪ್ಪಿಟ್ಟು ತಿಂದದ್ದು ಅಲ್ಲೇ. ಅವತ್ತೂ ಕೂತೆ. ಏಳೂವರೆ ಆಯಿತು. ಎದುರು ಬೆಂಚಿನಲ್ಲಿ ಡ್ರೈವರು, ಕಂಡಕ್ಟರು ಇಬ್ಬರೂ ಒಲೆಯ ಕಡೆಗೇ ನೋಡುತ್ತ ಕೂತಿದ್ದರು. ಯಾಕಪ್ಪ ಹೊರಡಲಿಲ್ಲ ಎಂದೆ. ಡ್ರೈವರು ನನ್ನನ್ನು ಪಾಪ ಎನ್ನುವಂತೆ ನೋಡಿ, “ಉಪ್ಪಿಟ್ಟು ಆಗ್ಬೇಕಲ್ಲ ಸರ್. ಹೊಟ್ಟೆಗಿಲ್ದೆ ಹೊಳಲ್ಕೆರೆ ಗಂಟ ಹೆಂಗ್ ಹೊಡೀಲಿ?” ಎಂದ.

ನನ್ನ ಪ್ರಶ್ನಾವಳಿಯನ್ನು ತಂದೆತಾಯಿಗಳು, ಪಂಚಾಯ್ತಿ ಸದಸ್ಯರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ತುಂಬಿದ್ದರು. ಡ್ರೈವರಿಗೆ ಒಂದು ಹಾಳೆಯನ್ನೂ ಕೊಟ್ಟಿರಲಿಲ್ಲ. ಗೌರಮ್ಮನಿಗೆ ವಿಷಯ ಹೇಳಿದೆ. ಬಸ್ ತಡ ಎಂದು ಮಗಳು ಅಳುತ್ತಿದ್ದುದು ಆಕೆಗೆ ಗೊತ್ತಿತ್ತು. ಅದಕ್ಕಾಗಿ ದಿನಾ ಉಪ್ಪಿಟ್ಟು ಬಡಿಸುತ್ತಲೇ ಆ ಇಬ್ಬರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದಳಂತೆ. ಅವರೂ ಬೈಸಿಕೊಳ್ಳುತ್ತ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದರಂತೆ. ಆಕೆ ಸೌಟು ಕೆಳಗಿಟ್ಟಳು. “ನನ್ ಮಗ್ಳಿಗೆ ನಾನೇ ಅಡ್ಡ ಕುಂತಿದ್ನಾ” ಅಂದಳು. ಆಮೇಲೆ, “ನಾಳಿಂದ ಅರ್ಧ ಗಂಟೆ ಮುಂಚೆ ಒಲೆ ಹಚ್ತೀನಿ ಬಿಡ್ರಿ” ಅಂದಳು. ಅಷ್ಟೇ. ಮಾರನೇ ದಿನ ಬಸ್ಸು ಏಳೂವರೆಗೆ ಹೊರಟಿತೆಂದು ಆಕೆಯೇ ಫೋನ್ ಮಾಡಿ ತಿಳಿಸಿದಳು.

ನನಗಾದ ಸಂತೋಷ ಇಷ್ಟಿಷ್ಟಲ್ಲ. ಅಂದೇ ಕೂತು ತರಬೇತಿಯವರಿಗೆ ಆರು ಪುಟದ ವರದಿ ಬರೆದೆ. ಗೌರಮ್ಮನ ಹೆಸರು ಮೂರನೇ ಪುಟದ ಅಡಿಟಿಪ್ಪಣಿಯಲ್ಲಿ ಬಂತು. ಮೇಡಂಗೆ ತಮ್ಮ ತರಬೇತಿಯೂ ಫಲ ಕೊಟ್ಟಿತೆಂದು ನನಗಿಂತ ಹೆಚ್ಚು ಹಿಗ್ಗಾಯಿತು. ಹಿರಿಯೂರಿನಲ್ಲಿ ನಡೆಯುವ ಮುಂದಿನ ತಂಡಕ್ಕೆ ನನ್ನನ್ನೇ ಸಂಪನ್ಮೂಲ ವ್ಯಕ್ತಿಯಾಗಿ ಕರೆದರು. ಶಾಲು ಹೊದಿಸಿಕೊಂಡು ‘ಸಂಶೋಧನೆಯಿಂದ ಸಮಾಜದವರೆಗೆ’ ಎಂದು ಎರಡೂ ದಿನ ಭಾಷಣ ಮಾಡಿದೆ. ಅಲ್ಲಿಗೂ ಕೇಳಲು ಬಂದಿದ್ದ ಹುಲ್ಲಿನ ಮೇಷ್ಟ್ರು ಹೊಟ್ಟೆಕಿಚ್ಚಿನಿಂದ ಹಸಿರಾಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮರಳಿ ಬಂದ ವಾರದಲ್ಲಿ ಕಾವ್ಯ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆಂದು ಮುಖ ಸಿದ್ಧ ಮಾಡಿಕೊಂಡೆ. ಗಡಿಯಾರದಲ್ಲಿ ಆಗ ಒಂಬತ್ತೂವರೆ. ನಾನು ಆಗಷ್ಟೇ ಬಂದು, ವರ್ಷಗಳ ರೂಢಿಯಂತೆ ಹಾಜರಿ ಪುಸ್ತಕ ತೆಗೆದು, ಮೊದಲ ಪಾಠಕ್ಕೆ ಎಲ್ಲರೂ ಗೈರು ಎಂದು ಸಾಲಾಗಿ ಗೆರೆ ಎಳೆಯುತ್ತಿದ್ದೆ. ಒಂಬತ್ತಕ್ಕೆ ತರಗತಿಯಲ್ಲಿ ಯಾರೂ ಇರುವುದಿಲ್ಲ ಎಂದು ಸಂಶೋಧನೆಯಿಂದ ಸಾಬೀತು ಮಾಡಿದವನೇ ನಾನು. ಇಲ್ಲದವರಿಗೆ ಪಾಠ ಹೇಳಲು ಅಷ್ಟು ಬೇಗ ಯಾಕೆ ಬರಲಿ?

“ಸರ್, ಬಸ್ಸು ಟೈಮಿಗೆ ಬರ್ತೈತೆ, ನೀವ್ ಬರ್ತಿಲ್ಲ” ಎಂದಳು ಕಾವ್ಯ. ತಗ್ಗಿದ ದನಿ, ಆದರೆ ಕಣ್ಣು ಹಾಜರಿ ಪುಸ್ತಕದ ಮೇಲಿತ್ತು. “ಎರಡು ವಾರದಿಂದ ಒಂಬತ್ತಕ್ಕೆ ಬಂದು ಕುಂತಿದೀವಿ. ಎಲ್ಲಾ ದಿನಾನೂ ಗೈರು ಅಂತೈತೆ. ಇನ್ನೆರಡು ದಿನ ಹಿಂಗಾದ್ರೆ ನಾನು ಪರೀಕ್ಷೆ ಬರಿಯಂಗಿಲ್ಲ ಸರ್.”

ಪುಸ್ತಕ ಅವಳ ಮುಂದೆಯೇ ತಿದ್ದಿದೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ತಪ್ಪು ನನ್ನದೆಂದು ಬರೆದುಕೊಟ್ಟೆ. ನಾನು ಬರೆದದ್ದನ್ನು ಒಬ್ಬರು ಪೂರ್ತಿ ಓದಿ, ಕೆಳಗೆ ರುಜು ಹಾಕಿ ಕ್ರಮ ಕೈಗೊಂಡದ್ದು ಅದೇ ಮೊದಲು. ಸಂಜೆ ಮನೆಗೆ ಬಂದು, ನಾಳೆಯಿಂದ ನಾನು ಏಳೂವರೆಗೆ ಮನೆ ಬಿಡಬೇಕು, ತಿಂಡಿ ಅರ್ಧ ಗಂಟೆ ಮುಂಚೆ ಆಗಬೇಕು ಎಂದು ಸುಮಂಗಲಳಿಗೆ ಹೇಳಿದೆ. ಅವಳು ಟಿವಿಯಿಂದ ಕಣ್ಣು ತೆಗೆಯದೆ, “ರವೆ ಮೇಲಿನ ಡಬ್ಬೀಲಿ ಐತೆ, ಒಲೆ ಎಲ್ಲೈತೆ ಅಂತ ಗೊತ್ತಲ್ಲ” ಎಂದಳು.

ಈಗ ದಿನಾ ಆರೂವರೆಗೆ ಎದ್ದು ಉಪ್ಪಿಟ್ಟು ಕೆದಕುತ್ತೇನೆ. ಇನ್ನೂ ಗಂಟು ಗಂಟಾಗುತ್ತದೆ. ಅದನ್ನೇ ತಿಂದು ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ತರಗತಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಹುಡುಗಿಯರು ನನಗಿಂತ ಮೊದಲೇ ಬಂದು ಕೂತಿರುತ್ತಾರೆ.