ಆಟಿಯೊಳಗೆ ಟಿವಿ ಬರಬೇಕು

ಸಾವಾದ ಮನೆಯಲ್ಲಿ ನಗಬಾರದು ಅಂತ ಹಿರಿಯರು ಹೇಳ್ತಾರೆ. ನಗುವಿಗೆ ಅದು ಗೊತ್ತಿಲ್ಲ. ನಮ್ಮ ಮನೆಗೆ ಅದು ಕರೆಯದೆ ಬರುತ್ತದೆ, ಚಪ್ಪಲಿ ಸಹ ಕಳಚದೆ ಒಳಗೆ ಬರುತ್ತದೆ. ಹೆಂಡತಿ ಹೋದ ಮೇಲೆ ನಿಲ್ಲಬಹುದು ಎಂದು ಎಣಿಸಿದ್ದೆ. ನಿಲ್ಲಲಿಲ್ಲ.

ನಾನು ಹೆಚ್ಚು ಕಲಿತವನಲ್ಲ. ಬಂದರಿನ ದಕ್ಕೆಯಲ್ಲಿ ಮೀನಿನ ಬೋಟುಗಳಿಗೆ ಐಸ್ ಒಡೆದು ತುಂಬಿಸುವ ಕೆಲಸ ಮಾಡಿದವ. ಅವಳು ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು. ಮನೆಯಲ್ಲಿ ಮಾತೆಲ್ಲ ಅವಳದ್ದು. ನನ್ನದು ಹೂಂ. ನಾನು ಏನಾದರೂ ಹೇಳಲು ಹೊರಟರೆ, "ನಿಮ್ಮ ಕಥೆ ಐಸಿನ ಹಾಗೆ, ಮನೆಗೆ ಮುಟ್ಟುವಾಗ ನೀರಾಗಿರ್ತದೆ" ಎನ್ನುತ್ತಿದ್ದಳು.

ಇದು ಟಿವಿಯ ವಿಷಯ. ಹಿಂದೆ ದೊಡ್ಡ ಹೊಟ್ಟೆ ಇದ್ದ ನಮ್ಮ ಹಳೆಯ ಟಿವಿ ಒಂದು ದಿನ ಟಪ್ ಎಂದಿತು. ಹೋಯಿತು. ಗೋಡೆಗೆ ಹಾಕುವ ಚಪ್ಪಟೆ ಟಿವಿ ಬೇಕು ಅಂತ ಅವಳಿಗೆ ಮೊದಲಿನಿಂದ ಆಸೆ. ಇಬ್ಬರೂ ಬಸ್ಸು ಹತ್ತಿ ಪೇಟೆಗೆ ಹೋದೆವು.

ಮೀನು ನೋಡಿ ಟಿವಿ

ಶೋರೂಮಿನ ಗೋಡೆ ತುಂಬ ಟಿವಿ. ಎಲ್ಲದರಲ್ಲಿಯೂ ಸಮುದ್ರದ ಅಡಿಯ ಮೀನು ಈಜುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಹೋದಳು. ಒಂದೊಂದು ಟಿವಿಯ ಮೀನಿನ ಕಣ್ಣು ನೋಡಿದಳು.

ಅಂಗಡಿಯವ ಓಡಿ ಬಂದ. "ಅಮ್ಮ, ಇದು ಹೊಸ ಮಾಡೆಲ್. ಕಲರ್ ನೋಡಿ."

"ಕಣ್ಣು ಬೆಳ್ಳಗಾಗಿದೆ. ಮೊನ್ನೆಯ ಮೀನು" ಎಂದಳು.

"ಇದು ನೋಡಿ ಅಮ್ಮ, ಇನ್ನೂ ದೊಡ್ಡದು."

"ಇದಕ್ಕೆ ಬಣ್ಣ ಹಾಕಿದ್ದಾರೆ. ಮೀನು ಇಷ್ಟು ನೀಲಿ ಇರ್ತದಾ ಮಾರಾಯ?"

ಕೊನೆಗೆ ಮೂಲೆಯಲ್ಲಿದ್ದ ಒಂದಕ್ಕೆ ಬೆರಳು ತೋರಿಸಿದಳು. "ಇದು ತಾಜಾ."

ಅಂಗಡಿಯವ ಹೇಳಿದ, "ಅಮ್ಮ, ಎಲ್ಲದರಲ್ಲಿಯೂ ಇರುವುದು ಒಂದೇ ಮೀನು. ಒಂದೇ ವಿಡಿಯೋ."

"ಒಂದೇ ಬೋಟಿನಿಂದ ಇಳಿದದ್ದು ಅಂತ ಎಲ್ಲ ಬುಟ್ಟಿಯ ಮೀನೂ ಒಂದೇ ಹಾಗೆ ಇರ್ತದಾ?"

ಅವನು ನನ್ನ ಮುಖ ನೋಡಿದ. ನಾನು ಹೂಂ ಎಂದೆ. ಯಾರಿಗೆ ಎಂದು ನನಗೂ ಗೊತ್ತಿಲ್ಲ.

ಮತ್ತೆ ಚರ್ಚೆ ಸುರುವಾಯಿತು. ಅವಳು ಹೇಳಿದ ರೇಟಿಗೆ ಅವನು ಒಪ್ಪಲಿಲ್ಲ. ಮೇಲಿಂದ ಒಂದು ಸಣ್ಣ ಟಿವಿ ಕೊಸರು ಹಾಕು ಎಂದಳು. ಅದಕ್ಕೂ ಒಪ್ಪಲಿಲ್ಲ. ಆಗ ಅವಳು ಸೆರಗು ಬಿಡಿಸಿದಳು.

"ಸರಿ. ನಾವು ಸಂಜೆ ಬರ್ತೇವೆ. ಉಳಿದದ್ದನ್ನು ಎಂತ ಮಾಡ್ತೀ ನೋಡುವ. ಆಗ ನೀನೇ ಕರೆದು ಕೊಡ್ತೀ."

"ಅಮ್ಮ, ಟಿವಿ ಕೊಳೆಯುವುದಿಲ್ಲ!"

ಮೆಟ್ಟಿಲು ಇಳಿಯುವಾಗ ಅವಳು ನನಗೆ ಹೇಳಿದಳು, "ಕೊಳೆಯದ ವ್ಯಾಪಾರ ಮಾಡುವವರಿಗೆ ಅಹಂಕಾರ ಜಾಸ್ತಿ."

ಸೌಂಡಿಲ್ಲದ ಧಾರಾವಾಹಿ

ಸಂಜೆ ಹೋಗಲಿಲ್ಲ. ಅವಳಿಗೆ ಹೊಟ್ಟೆನೋವು ಬಂತು. ನಾನೂ ಮಗಳೂ ಅತ್ತಾವರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಟ್ಟೆಯೊಳಗೆ ಗಡ್ಡೆ ಉಂಟು ಎಂದರು. ಬೆಳೆದಿದೆ ಎಂದರು. ಮತ್ತೆ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಮಗಳು ಅತ್ತಳು. ನನಗೆ ಅರ್ಥವಾಯಿತು.

ವಾರ್ಡಿನಲ್ಲಿ ಒಂದು ಟಿವಿ ಇತ್ತು, ಮೇಲೆ ಮಾಡಿನ ಹತ್ತಿರ. ಅವಳು ಮನೆಯಲ್ಲಿ ನೋಡುತ್ತಿದ್ದ ಧಾರಾವಾಹಿಯೇ ಬರುತ್ತಿತ್ತು. ರೋಗಿಗಳಿಗೆ ತೊಂದರೆ ಆಗಬಾರದು ಅಂತ ಸೌಂಡ್ ಇಡುತ್ತಿರಲಿಲ್ಲ. ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ನನ್ನ ಹೆಂಡತಿ ಮಲಗಿದಲ್ಲಿಂದಲೇ ಸೌಂಡ್ ಕೊಡಲು ಸುರು ಮಾಡಿದಳು. ಅತ್ತೆಯ ಮಾತು, ಸೊಸೆಯ ಮಾತು, ನಡುವೆ ಬರುವ ವಕೀಲನ ಮಾತು, ಎಲ್ಲ ಇವಳದ್ದೇ. ಅತ್ತೆ ಕೈ ಎತ್ತಿ ಕೂಗಿದರೆ ಇವಳು ಹೇಳುವುದು, "ಬೂತಾಯಿ ಮೀನು ತರ್ಲಿಕ್ಕೆ ಹೇಳಿದರೆ ಬಂಗುಡೆ ತಂದಿದ್ದೀಯಲ್ಲ, ನೀನು ಈ ಮನೆಗೆ ಸೊಸೆಯಾ?" ಸೊಸೆ ಅಳುವಾಗ, "ರೇಟು ಕೇಳಿ ಅಳು ಬಂತು ಅತ್ತೆ." ಆ ಸೊಸೆ ಕೊರಳ ತುಂಬ ಚಿನ್ನ ಹಾಕಿದವಳು.

ವಾರ್ಡಿನಲ್ಲಿ ಎಲ್ಲರೂ ಅದಕ್ಕೆ ಕಾಯುತ್ತಿದ್ದರು. ಪಕ್ಕದ ಮಂಚದ ಹೆಂಗಸು ಆಪರೇಷನ್ನಿಗೆ ಹೋಗುವಾಗಲೂ, "ನಾನು ಬರುವವರೆಗೆ ಕಥೆ ಮುಂದೆ ಹೋಗಬಾರದು" ಎಂದು ಹೇಳಿ ಹೋದಳು.

ಒಂದು ದಿನ ನರ್ಸಿಗೆ ಪಾಪ ಅನಿಸಿತು. ಸೌಂಡ್ ಕೊಟ್ಟಳು. ವಕೀಲ ಏನೋ ಉಯಿಲಿನ ವಿಷಯ ಹೇಳಿದ. ಮೂರು ಮಂಚದವರು ಒಟ್ಟಿಗೆ ಕೂಗಿದರು, "ಬೇಡ ಸಿಸ್ಟರ್, ಬಂದ್ ಮಾಡಿ! ನಮ್ಮ ಕಥೆಯಲ್ಲಿ ಇವನು ಒಳ್ಳೆಯವ!"

ಕೊನೆಯ ವಾರ ಅವಳಿಗೆ ಮಾತು ಕಡಿಮೆಯಾಯಿತು. ಟಿವಿ ಸುಮ್ಮನೆ ಬಾಯಿ ಆಡಿಸುತ್ತಿತ್ತು. ಪಕ್ಕದ ಮಂಚದವಳು ನನ್ನನ್ನು ಕೇಳಿದಳು, "ಅಣ್ಣ, ಈಗ ಅತ್ತೆ ಎಂತ ಹೇಳಿದ್ದು?"

ನಾನು ತುಂಬ ಹೊತ್ತು ನೋಡಿದೆ. ಅತ್ತೆ ಬಾಗಿಲಿನ ಹತ್ತಿರ ನಿಂತು ಅಳುತ್ತಿದ್ದಳು. "ಐಸ್ ಸಾಕಾಗಲಿಲ್ಲ ಅಂತ ಕಾಣ್ತದೆ" ಎಂದೆ.

ನನ್ನ ಹೆಂಡತಿ ಕಣ್ಣು ಮುಚ್ಚಿದಲ್ಲೇ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ. ಮತ್ತೆ ನನ್ನನ್ನು ಹತ್ತಿರ ಕರೆದಳು. "ಮನೆಗೆ ಆ ಟಿವಿ ತನ್ನಿ. ನನಗೆ ಧಾರಾವಾಹಿ ಅರ್ಧ ಬಾಕಿ ಉಂಟು. ಆಟಿಯೊಳಗೆ ಗೋಡೆಗೆ ಹಾಕಿಸಿ. ಆಟಿಗೆ ನಾನು ಬಂದೇ ಬರ್ತೇನೆ."

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಮನೆಯವರು ಹೊರಗೆ ಕಾಯುವುದು. ಅವರು ಬಂದು ಉಂಡು ಹೋಗ್ತಾರೆ ಅಂತ ನಂಬಿಕೆ. ಅವಳು ಹೇಳಿದ್ದು ಅದು. ಮಗಳು "ಎಂಥ ಮಾತಮ್ಮ" ಎಂದು ಬೈದಳು. ನಾನು ಹೂಂ ಎಂದೆ. ನಾನು ಅವಳಿಗೆ ಹೇಳಿದ ಕೊನೆಯ ಹೂಂ ಅದು.

ಆಫ್ ಮಾಡಿದರೆ ಹೇಗೆ

ಕೆಲವು ತಿಂಗಳು ನಾನು ಎಲ್ಲಿಗೂ ಹೋಗಲಿಲ್ಲ. ಆಟಿ ಬಂತು. ಮಗಳು ನಂತೂರಿನ ಗಂಡನ ಮನೆಯಿಂದ ಬಂದು, "ಅಪ್ಪ, ಏಳಿ. ಅಮ್ಮನ ಟಿವಿ" ಎಂದಳು.

ಶೋರೂಮಿನ ಹೊರಗೆ 'ಆಟಿ ಆಫರ್' ಅಂತ ದೊಡ್ಡ ಬ್ಯಾನರು. ಒಳಗೆ ಅದೇ ಅಂಗಡಿಯವ. ನನ್ನ ಗುರುತು ಹಿಡಿದ.

"ಮೀನಿನ ಅಮ್ಮ ಬರಲಿಲ್ಲವಾ?"

"ಇಲ್ಲ."

"ಯಾವಾಗ ಬರ್ತಾರೆ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಆಟಿಯಲ್ಲಿ" ಎಂದೆ.

"ಒಳ್ಳೇದಾಯ್ತು ಅಲ್ವಾ! ಆಫರ್ ಆಟಿ ಪೂರ್ತಿ ಉಂಟು. ಅವರನ್ನೇ ಕರ್ಕೊಂಡು ಬನ್ನಿ, ನೋಡಿಯೇ ತಗೊಳ್ಳಲಿ."

ಮಗಳು ಅವನನ್ನು ಬದಿಗೆ ಕರೆದು ಹೇಳಿದಳು. ಅವನು ಎರಡು ಚಾ ತರಿಸಿದ. ನನಗೆ ಕುರ್ಚಿ ಹಾಕಿದ.

ಅವಳು ಬೆರಳು ತೋರಿಸಿದ ಟಿವಿ ಈಗ ಬರುವುದಿಲ್ಲವಂತೆ. ಸರಿ, ಅವಳ ಹಾಗೆಯೇ ಆಯ್ಕೆ ಮಾಡುವ ಎಂದು ಮೀನು ನೋಡಲು ಎದ್ದೆ. ಮೀನಿಲ್ಲ. ವಿಡಿಯೋ ಬದಲಾಗಿತ್ತು. ಎಲ್ಲ ಟಿವಿಯಲ್ಲಿ ಹಿಮದ ಬೆಟ್ಟ. ಅಷ್ಟೂ ಐಸ್. ಐಸ್ ನೋಡಿ ನನಗೆ ಕೈ ನೋವಾಯಿತು, ಬೇರೆ ಏನೂ ಗೊತ್ತಾಗಲಿಲ್ಲ.

"ಆಫ್ ಮಾಡಿ ತೋರಿಸು" ಎಂದೆ.

"ಆಫ್?"

"ನಮ್ಮ ಮನೆಯಲ್ಲಿ ಅದು ಹೆಚ್ಚು ಹೊತ್ತು ಆಫ್ ಇರುವುದು."

ಅವನು ಮಗಳ ಮುಖ ನೋಡಿ, ಒಂದೊಂದಾಗಿ ಆಫ್ ಮಾಡಿದ. ಮೊದಲನೆಯದ್ದು ಕನ್ನಡಿಯ ಹಾಗೆ. ಕಪ್ಪಿನೊಳಗೆ ಒಬ್ಬ ಮುದುಕ, ಕೈಯಲ್ಲಿ ಚಾ, ಪಕ್ಕದಲ್ಲಿ ಯಾರೂ ಇಲ್ಲ. ಬೇಡ ಎಂದೆ. ಎರಡನೆಯದರಲ್ಲಿ ಅದೇ ಮುದುಕ, ಇನ್ನೂ ದೊಡ್ಡದು. ಬೇಡ. ಮೂರನೆಯದು ಮಂಕು. ಏನೋ ಒಂದು ಕಪ್ಪು ಗುಡ್ಡೆ ಕುಳಿತ ಹಾಗೆ.

"ಇದು ಇರಲಿ."

"ಒಳ್ಳೆ ಸೆಲೆಕ್ಷನ್ ಸರ್" ಎಂದ. ಅವನಿಗೆ ಕುತೂಹಲ. "ಇದರಲ್ಲಿ ನಿಮಗೆ ಎಂತ ಇಷ್ಟವಾಯ್ತು?"

"ಇದರಲ್ಲಿ ನಾನು ಸರಿ ಕಾಣುವುದಿಲ್ಲ."

ಯಾರು ನೋಡುವುದು

ಟಿವಿ ಜೋಡಿಸಲು ಒಬ್ಬ ಮಧ್ಯ ವಯಸ್ಸಿನವ ಬಂದ. ಡ್ರಿಲ್ಲಿಂಗ್ ಮೆಷಿನ್, ಕಿವಿಯಲ್ಲಿ ಪೆನ್ಸಿಲ್. ಅದೇ ಹೊತ್ತಿಗೆ ಹೆಂಡತಿಯ ಅಕ್ಕನೂ ಬಂದಳು. ಸತ್ತವರ ಕೆಲಸದಲ್ಲಿ ಅವಳು ಹೇಳಿದ್ದೇ ಕಾನೂನು.

ಅವನು ತೆಂಕು ಗೋಡೆ ತೋರಿಸಿ, "ಇಲ್ಲಿ ಹಾಕುವ" ಎಂದ. ಅಲ್ಲಿ ಹೆಂಡತಿಯ ಫೋಟೋ ಇತ್ತು, ಮಾಲೆ ಹಾಕಿದ್ದು.

"ಹೋದವರು ತೆಂಕು ಗೋಡೆಯಲ್ಲಿಯೇ ಇರಬೇಕು" ಎಂದಳು ಅಕ್ಕ.

"ಪ್ಲಗ್ ಪಾಯಿಂಟ್ ಇಲ್ಲೇ ಉಂಟಲ್ಲಮ್ಮ. ಇವರನ್ನು ಸ್ವಲ್ಪ ಆಚೆ ಶಿಫ್ಟ್ ಮಾಡಿದರೆ..."

"ಅವಳಿಗೆ ಎಂತಕ್ಕೆ ಪ್ಲಗ್ ಪಾಯಿಂಟು? ನಿನ್ನ ಟಿವಿ ಶಿಫ್ಟ್ ಮಾಡು."

ಟಿವಿ ಎದುರಿನ ಗೋಡೆಗೆ ಹೋಯಿತು. ವೈರು ಮನೆ ಪೂರ್ತಿ ಸುತ್ತಿ ಬಂತು. ಅವನು ಪೆನ್ಸಿಲ್ ತೆಗೆದು ನನ್ನನ್ನು ಕೇಳಿದ, "ಅಳತೆ ಹಾಕಬೇಕು. ಹೆಚ್ಚು ನೋಡುವುದು ಯಾರು? ಅವರ ಕಣ್ಣು ಎಲ್ಲಿಗೆ ಬರ್ತದೆ?"

ಒಬ್ಬನೇ ಇರುವವನ ಮನೆಯಲ್ಲಿ ಇದೆಂಥ ಪ್ರಶ್ನೆ? ಆದರೆ ಟಿವಿ ಯಾರದ್ದು ಅಂತ ನನಗೆ ಗೊತ್ತಿತ್ತು. ಫೋಟೋ ತೋರಿಸಿದೆ.

ಅವನು ಟೇಪು ಹಿಡಿದು ಫೋಟೋದ ಕಣ್ಣಿನವರೆಗೆ ಅಳೆದ. ಎದುರು ಗೋಡೆಯಲ್ಲಿ ಅಷ್ಟೇ ಎತ್ತರಕ್ಕೆ ತೂತು ಕೊರೆದ.

ಈಗ ನಮ್ಮ ಮನೆಗೆ ಬಂದವರು ತಲೆ ಹಿಂದಕ್ಕೆ ಹಾಕಿ, ಬಾಯಿ ಬಿಟ್ಟು ವಾರ್ತೆ ನೋಡುತ್ತಾರೆ. ಮಗಳಿಗೆ ಕುತ್ತಿಗೆ ಉಳುಕಿತು. ನನ್ನ ಕುತ್ತಿಗೆಗೆ ಡಾಕ್ಟರು ಪಟ್ಟಿ ಹಾಕಿಸಿದ್ದಾರೆ. ಮನೆಯಲ್ಲಿ ಆರಾಮ ಇರುವುದು ಅವಳೊಬ್ಬಳೇ.

ಆಟಿಯ ಬಡಿಸುವುದು

ಬಡಿಸುವ ದಿನ ಬಂತು. ಬೆಳಿಗ್ಗೆಯಿಂದ ಅಕ್ಕ ಮತ್ತು ಮಗಳು ಅಡುಗೆಮನೆಯಲ್ಲಿ. ಬೋಟು ಕಡಲಿಗೆ ಇಳಿಯದ ತಿಂಗಳು, ಹೊರಗಿನಿಂದ ಬಂದ ಐಸಿನ ಮೀನು ಮಾತ್ರ ಸಿಗುತ್ತಿತ್ತು. "ಅದನ್ನು ಇಟ್ಟರೆ ಅವಳು ಕಣ್ಣು ನೋಡಿ ಎದ್ದು ಹೋಗ್ತಾಳೆ" ಎಂದಳು ಅಕ್ಕ. ಕೋಳಿ ಮಾಡಿದರು. ರೊಟ್ಟಿ, ಪತ್ರೊಡೆ, ಬೀಡ.

ಎಲೆಗಳನ್ನು ಟಿವಿ ಇರುವ ಕೋಣೆಯಲ್ಲಿಯೇ ಹಾಕಿದೆವು. ಅವಳಿಗೆ ಒಂದು, ಮೊದಲೇ ಹೋದ ಅವಳ ಅಪ್ಪನಿಗೆ ಒಂದು. ಮಗಳು ಮೊಬೈಲು ಒತ್ತಿ, ರಿಮೋಟು ಒತ್ತಿ, ಹಳೆಯ ಟಿವಿ ಹೋದ ದಿನ ಅವಳ ಅಮ್ಮ ಬಿಟ್ಟಿದ್ದ ಜಾಗದಿಂದ ಧಾರಾವಾಹಿ ಹುಡುಕಿ ಹಾಕಿದಳು. ಈಗ ಸೌಂಡ್ ಇತ್ತು.

ಅಕ್ಕನಿಗೆ ಸಿಟ್ಟು ಬಂತು. "ಅಪ್ಪ ಬರುವ ಹೊತ್ತು. ಅಪ್ಪನಿಗೆ ಟಿವಿ ಕಂಡರೆ ಆಗ್ತಿರಲಿಲ್ಲ."

"ಅಜ್ಜ ಬೇಕಾದರೆ ಅಡುಗೆಮನೆಯಲ್ಲಿ ಉಣ್ಣಲಿ ದೊಡ್ಡಮ್ಮ. ಇದು ಅಮ್ಮನ ಟಿವಿ."

ಅಜ್ಜನ ಎಲೆ ಅಡುಗೆಮನೆಗೆ ಹೋಯಿತು. ದೀಪ ಹಚ್ಚಿ, ಅವಳ ಹೆಸರು ಹಿಡಿದು ಕರೆದು, ಬಾಗಿಲು ಹಾಕಿದೆವು. ಮೂವರೂ ಜಗಲಿಯಲ್ಲಿ ಕುಳಿತೆವು. ಮಳೆ ಜೋರಿತ್ತು. ಯಾರೂ ಮಾತಾಡಬಾರದು. ಒಳಗೆ ಸೊಸೆ ಅಳುವುದು ಕೇಳುತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆಯಬೇಕು. ನಾನು ಏಳಲು ಹೊರಟೆ. ಅಕ್ಕ ಕೈ ಹಿಡಿದು ಕೂರಿಸಿದಳು. "ವಕೀಲ ಬಂದಿದ್ದಾನೆ. ಅರ್ಧದಲ್ಲಿ ಹೇಗೆ ಎಬ್ಬಿಸುವುದು?" ಅವಳ ಕಿವಿ ಬಾಗಿಲಿಗೆ ಅಂಟಿತ್ತು. ಒಂದು ಕಂತು ಮುಗಿಯಿತು. ತನ್ನಷ್ಟಕ್ಕೆ ಇನ್ನೊಂದು ಸುರುವಾಯಿತು. ಮತ್ತೆ ಇನ್ನೊಂದು. ಹೊಟ್ಟೆ ಹಸಿಯುತ್ತಿತ್ತು. ಸತ್ತವರು ಉಂಡಾಗದೆ ನಾವು ಉಣ್ಣುವ ಹಾಗಿಲ್ಲ.

ಆಗ ಒಳಗೆ ಮಾತು ನಿಂತಿತು.

ಕಂತು ಮುಗಿದ ಹಾಗಿರಲಿಲ್ಲ. ಸುಮ್ಮನೆ ನಿಂತಿತು. ಕರೆಂಟು ಹೋಗಿರಲಿಲ್ಲ, ಜಗಲಿಯ ಬಲ್ಬು ಉರಿಯುತ್ತಿತ್ತು. ಒಳಗೆ ಯಾರೂ ಇಲ್ಲ. ಮಗಳು ನನ್ನ ತೋಳು ಹಿಡಿದಳು. ಅಕ್ಕ ದೇವರ ಹೆಸರು ಹೇಳಿದಳು, ಒಂದಲ್ಲ, ನೆನಪಾದದ್ದೆಲ್ಲ. ನಾನು ಕ್ರಮದಂತೆ ಕೆಮ್ಮಿ, ಬಾಗಿಲು ತೆರೆದೆ.

ದೀಪ ಉರಿಯುತ್ತಿತ್ತು. ಎಲೆ ಹಾಗೆಯೇ ಇತ್ತು. ಮೇಲೆ ಟಿವಿಯಲ್ಲಿ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರ. ನನಗೆ ಬೇಗ ಓದಲು ಬರುವುದಿಲ್ಲ. ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದೆ.

"ನೀವು ಇನ್ನೂ ನೋಡುತ್ತಿದ್ದೀರಾ?"

ಕೆಳಗೆ ಎರಡು ಡಬ್ಬಿ. ಒಂದರಲ್ಲಿ ಹೌದು. ಒಂದರಲ್ಲಿ ಇಲ್ಲ.

"ಯಾರೂ ಮುಟ್ಟದೆ ಹೆಚ್ಚು ಹೊತ್ತಾದರೆ ಅದು ಹಾಗೆ ಕೇಳ್ತದೆ ಅಪ್ಪ" ಎಂದಳು ಮಗಳು.

ರಿಮೋಟು ಎಲೆಯ ಪಕ್ಕದಲ್ಲಿತ್ತು, ಬೀಡದ ಹತ್ತಿರ. ಮಗಳು ತೆಗೆಯಲಿಲ್ಲ. ಅಕ್ಕ ಎರಡು ಹೆಜ್ಜೆ ಹಿಂದೆ ಹೋದಳು. "ನೀವೇ ಹೇಳಿ ಅದಕ್ಕೆ. ನಿಮ್ಮ ಹೆಂಡತಿ."

ನಾನು ರಿಮೋಟು ಹಿಡಿದು ನಿಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದಾರೆ, ಪಂಚಾಯತಿಯಲ್ಲಿ ಬರೆದುಕೊಟ್ಟಿದ್ದಾರೆ. ನಾನು ಇವತ್ತಿನವರೆಗೆ ನನ್ನ ಬಾಯಿಯಿಂದ ಅವಳಿಲ್ಲ ಅಂತ ಹೇಳಿಲ್ಲ. ಈ ಟಿವಿಗೆ ಯಾಕೆ ಹೇಳಬೇಕು?

ಹೌದು ಒತ್ತಿದೆ.

ಸೊಸೆ ಬಿಟ್ಟಲ್ಲಿಂದ ಅಳಲು ಸುರು ಮಾಡಿದಳು. ನಾವು ಮೂವರೂ ಸದ್ದು ಮಾಡದೆ ಹಿಂದೆ ಹಿಂದೆ ಬಂದು, ಬಾಗಿಲು ಹಾಕಿ, ಪುನಃ ಜಗಲಿಯಲ್ಲಿ ಕುಳಿತೆವು. ಸಂಜೆಯಾಗುತ್ತಿತ್ತು. ಕೋಳಿಯ ಪರಿಮಳ ಬಾಗಿಲಿನ ಎಡೆಯಿಂದ ಬರುತ್ತಿತ್ತು. ಮಗಳ ಹೊಟ್ಟೆ ಗುರ್ ಎಂದಿತು.

"ಸ್ವಲ್ಪ ತಡ್ಕೊ ಮಗ" ಎಂದಳು ಅಕ್ಕ, ಬಾಗಿಲಿನಿಂದ ಕಿವಿ ತೆಗೆಯದೆ. "ಇವಳು ಬದುಕಿದ್ದಾಗಲಾದರೂ ಧಾರಾವಾಹಿ ಮುಗಿಯುವ ಮೊದಲು ನಮಗೆ ಅನ್ನ ಬಡಿಸಿದ್ದು ಉಂಟಾ?"