ಕೋಟೆಯನ್ನು ಅಚ್ಚುಕಟ್ಟು ಮಾಡಿದ್ದು

ಚೆಲ್ಲಾಪಿಲ್ಲಿಯಾಗಿ ಬಿದ್ದದ್ದನ್ನು ಕಂಡರೆ ಯಮನೂರನ ಕೈ ತುರಿಸುತ್ತಿತ್ತು. ಆ ಭಾನುವಾರದ ಅನಾಹುತಕ್ಕೆಲ್ಲ ಆ ತುರಿಕೆಯೇ ಮೂಲ.

ಜಿಗಣಿಯ ಗೇರ್ ಕಾರ್ಖಾನೆಯೊಂದರಲ್ಲಿ ಅವನದು ಗುಣಮಟ್ಟ ತಪಾಸಣೆಯ ಕೆಲಸ. ಜೊತೆಗೆ 'ಫೈವ್ ಎಸ್' ಉಸ್ತುವಾರಿ. ಫೈವ್ ಎಸ್ ಎಂದರೆ ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಹಳದಿ ಗೆರೆ ಎನ್ನುವ ಜಪಾನೀ ವ್ರತ. ಅದನ್ನು ಯಮನೂರ ಕಾರ್ಖಾನೆಯ ಹೊರಗೂ ಮಡಿಯಿಂದ ಆಚರಿಸುತ್ತಿದ್ದ. ಒಮ್ಮೆ ಚಂದಾಪುರದ ದೇವಸ್ಥಾನದ ಮುಂದೆ ಚಪ್ಪಲಿಗಳು ಬಿದ್ದಿದ್ದ ರೀತಿ ನೋಡಲಾರದೆ, ಎಲ್ಲವನ್ನೂ ಅಳತೆ ಪ್ರಕಾರ ಜೋಡಿಸಿಟ್ಟು, ಅರ್ಧ ಊರು ಯಾರದೋ ಚಪ್ಪಲಿಯಲ್ಲಿ ಮನೆಗೆ ಹೋಗುವಂತೆ ಮಾಡಿದ್ದ.

ಆದರೆ ಕಾರ್ಖಾನೆಯ ಒಂದೊಂದು ಸ್ಪ್ಯಾನರಿಗೂ ಕಾಯಂ ಜಾಗ ತೋರಿಸಿದ ಈ ಪುಣ್ಯಾತ್ಮನಿಗೇ ಅಲ್ಲಿ ಕಾಯಂ ಜಾಗವಿರಲಿಲ್ಲ. ಕೊಪ್ಪಳದ ಕಡೆಯಿಂದ ಬಂದಾಗಿನಿಂದ ಕಾಂಟ್ರ್ಯಾಕ್ಟ್ ಮೇಲೆ ಕಾಂಟ್ರ್ಯಾಕ್ಟ್.

ಹೀಗಿರುವಾಗ ಜನರಲ್ ಮ್ಯಾನೇಜರ್ ಸಿದ್ಧಾರ್ಥ್ ಅವನನ್ನು ಕರೆಸಿದರು. ಅವರ ಮಾತಿನಲ್ಲಿ ಇಂಗ್ಲಿಷ್ ಲಾರಿಯಂತೆ ಮುಂದೆ ಓಡಿದರೆ, ಕನ್ನಡ ಹಗ್ಗ ಕಟ್ಟಿದ ಗಾಡಿಯಂತೆ ಹಿಂದೆ ಗಡಗಡಿಸುತ್ತ ಬರುತ್ತಿತ್ತು.

"ಸೀ ಯಮ್ನೂರ್, ದಿಸ್ ಸಂಡೇ ಗಿಣಿಬಂಡೆ ಫೋರ್ಟ್ ಕ್ಲೀನಿಂಗ್. ಕಂಪನಿ ಕಡೆಯಿಂದ ಸೋಶಿಯಲ್ ಸರ್ವಿಸ್. ನೀವೇ ಲೀಡರ್. ಈವ್ನಿಂಗ್ ನಾನು ಬಂದು ನೋಡ್ತೀನಿ. ಇಂಪ್ರೆಸ್ ಆದ್ರೆ, ಮಂಡೇ ಮಾರ್ನಿಂಗ್ ನಿಮ್ ಪರ್ಮನೆಂಟ್ ಲೆಟರ್ ರೆಡಿ."

ಭಾನುವಾರ ಕಂಪನಿಯ ಬಸ್ಸು ಇಪ್ಪತ್ತು ಜನರನ್ನೂ ಒಂದು ಕೊಳದಪ್ಪಲೆ ಚಿತ್ರಾನ್ನವನ್ನೂ ಹೊತ್ತು ಹೊರಟಿತು.

"ಕೋಟೆ ನೋಡಿದ್ದೀಯೇನೋ ಮಗಾ?" ಎಂದ ಸ್ಟೋರ್ಸಿನ ರುದ್ರೇಶ.

"ನಮ್ಮೂರಾಗೂ ಐತಲೇ. ಎಮ್ಮಿ ಕಟ್ತಾರ" ಎಂದು ಯಮನೂರ ತಾತ್ಸಾರದಿಂದ ಹೇಳಿದ.

ಹಾಗೆ ಹೇಳಿದವನು ಗಿಣಿಬಂಡೆಯ ಮೊದಲ ಬಾಗಿಲು ದಾಟುತ್ತಲೇ ನಿಂತುಬಿಟ್ಟ. ಬಾಯಿ ತೆರೆದುಕೊಂಡಿತು, ಮಾತು ಮುಚ್ಚಿಕೊಂಡಿತು. ಗೋಡೆಯನ್ನು ಬಂಡೆಯ ಮೇಲೆ ಕಟ್ಟಿದಂತಿರಲಿಲ್ಲ. ಮಲಗಿದ್ದ ಬಂಡೆಯೇ ಶತ್ರುವಿನ ಸದ್ದು ಕೇಳಿ ಎದ್ದು ನಿಂತಂತಿತ್ತು. ಬೆಟ್ಟ ಎಲ್ಲಿ ಮುಗಿದು ಮನುಷ್ಯನ ಕೈ ಎಲ್ಲಿ ಶುರುವಾಯಿತೋ ಕಣ್ಣಿಗೆ ಸಿಗುತ್ತಿರಲಿಲ್ಲ. ಮೇಲೆ ಬುರುಜಿನ ಬಿರುಕಿನಲ್ಲಿ ಒಂದು ಅರಳಿ ಗಿಡ. ಅದರಾಚೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಅದೂ ಕೆಳಗೆ ನೋಡುತ್ತ ರೆಕ್ಕೆ ಬಡಿಯುವುದನ್ನೇ ಮರೆತಿರಬೇಕು.

ಯಮನೂರ ಮೆಲ್ಲಗೆ ಗೋಡೆಯ ಹತ್ತಿರ ಹೋಗಿ ಜೇಬಿನಿಂದ ಫೀಲರ್ ಗೇಜ್ ತೆಗೆದ. ಗೇರುಗಳ ನಡುವಿನ ಸಂದು ಅಳೆಯಲು ಬಳಸುವ, ತೆಳ್ಳನೆಯ ಉಕ್ಕಿನ ಎಲೆಗಳ ಗೊಂಚಲು ಅದು. ಅದರಲ್ಲಿ ಅತಿ ತೆಳುವಾದ ಎಲೆಯನ್ನು ಎರಡು ಕಲ್ಲುಗಳ ನಡುವೆ ತೂರಿಸಲು ನೋಡಿದ. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದ. ಊಹೂಂ.

"ರುದ್ರೇಶಾ, ಓಡಿ ಬಾರಲೇ! ಗಾರಿಲ್ಲ, ಸಿಮೆಂಟಿಲ್ಲ, ಎಲಿ ಒಳಗ ಹೋಗವಲ್ದು!"

"ವೀಳ್ಯದೆಲೆನಾ?"

"ಗೇಜಿನ ಎಲಿಯೋ! ಐನೂರು ವರ್ಷದ ಹಿಂದ ಉಳಿ, ಸುತ್ತಿಗಿ ಹಿಡದು ಮಾಡಿದ್ದಿದು. ನಮ್ಮ ಜರ್ಮನ್ ಮಷೀನು ಇವ್ರ ಮುಂದ ಕೈಕಟ್ಟಿ ನಿಂದ್ರಬೇಕು."

ರುದ್ರೇಶನೂ ಕಲ್ಲಿನ ಮೇಲೆ ಕೈಯಾಡಿಸಿ, ಒಂದು ಗಳಿಗೆ ತಮಾಷೆ ಮರೆತ. "ಇವ್ರಲ್ಲಿ ಒಬ್ಬನೂ ಪರ್ಮನೆಂಟ್ ಇರ್ಲಿಲ್ಲ ಅನ್ಸತ್ತೆ ಗುರು. ಕೆಲ್ಸ ಮಾತ್ರ ಪರ್ಮನೆಂಟ್ ಆಗೋಯ್ತು."

ಆ ಭಕ್ತಿಯೇ ಮುಂದೆ ಮುಳುವಾಯಿತು. ಎರಡನೆಯ ಬಾಗಿಲಿನಾಚೆ ಒಂದು ಅಂಗಳ. ಅದರ ತುಂಬ ಬಿದ್ದುಹೋದ ಮಂಟಪದ ಕಲ್ಲುಗಳು: ದಪ್ಪನೆಯದರ ಪಕ್ಕ ತೆಳ್ಳನೆಯದು, ಅಡ್ಡ ಇದ್ದದ್ದರ ಪಕ್ಕ ಉದ್ದ ಇದ್ದದ್ದು. ಒಂದೊಂದರ ಮೇಲೂ ಸುಣ್ಣದಲ್ಲಿ ಬರೆದ ಅಂಕಿ. ಯಮನೂರನ ಕೈ ತುರಿಸತೊಡಗಿತು.

"ಅಂಥಾ ಮಂದಿ ಕಟ್ಟಿದ ಕೋಟ್ಯಾಗ ಇಂಥಾ ಗಲೀಜಾ? ಅವ್ರ ಮರ್ಯಾದಿ ಏನಾಗಬೇಕು!"

"ನಂಬರ್ ಹಾಕಿದಾರಲ್ಲೋ?"

"ಯಾರೋ ಹುಡುಗ್ರು ಕ್ರಿಕೆಟ್ ಸ್ಕೋರ್ ಬರದಾರ. ತಿಕ್ಕಿ ತೊಳೀರಿ!"

ಪ್ಲಾಸ್ಟಿಕ್ ಹೆಕ್ಕಿ ಬೇಸತ್ತಿದ್ದ ಇಪ್ಪತ್ತು ಜನಕ್ಕೆ ಇದು ಹಬ್ಬವಾಯಿತು. ಬಸ್ಸಿನಿಂದ ಹಾರೆ ಬಂದವು, ಉರುಳಿಸಲು ಕಬ್ಬಿಣದ ಪೈಪು ಬಂದವು. ಯಮನೂರ ಟೇಪು ಹಿಡಿದು ಪ್ರತಿ ಕಲ್ಲಿನ ದಪ್ಪ ಅಳೆದು ಕೂಗುತ್ತಿದ್ದ, ಉಳಿದವರು "ಐಸಾ!" ಎಂದು ತಳ್ಳುತ್ತಿದ್ದರು. ಮಧ್ಯಾಹ್ನದ ಚಿತ್ರಾನ್ನ ಮುಗಿಯುವಷ್ಟರಲ್ಲಿ ಕಲ್ಲುಗಳೆಲ್ಲ ಪೊಲೀಸ್ ಪರೇಡಿನಂತೆ ದಪ್ಪದ ಪ್ರಕಾರ ಸಾಲು ಹಿಡಿದು, ಸ್ನಾನ ಮಾಡಿಕೊಂಡು, ಬಿಸಿಲು ಕಾಯಿಸುತ್ತ ಮಲಗಿದ್ದವು.

ಆಗ ಬಂದ ಕಾವಲುಗಾರ ನರಸಪ್ಪ. ಕೆಳಗಿನ ಊರಿನ ಮದುವೆಯಲ್ಲಿ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು, ಬಾಯಿ ಕೆಂಪು ಮಾಡಿಕೊಂಡು ಬಂದವನು ಅಂಗಳ ನೋಡಿದ್ದೇ ತಡ, ಕೈಯ ತೆಂಗಿನಕಾಯಿ ಉರುಳಿತು.

"ಅಯ್ಯಯ್ಯಪ್ಪೋ! ಯಾರ್ ಸಾಮಿ ಇಂಗ್ ಮಾಡ್ದೋರು? ಮಂಟಪಾನ ತಿರ್ಗಾ ಕಟ್ಟಕ್ಕೆ ಅಂತ ಇಲಾಖೆಯೋರು ನಂಬ್ರ ಆಕಿ ಮಡ್ಗಿದ್ದ ಕಲ್ಲು ಕಣ್ರಪ್ಪಾ! ಮುಟ್ಟಿದ್ರೆ ಜೈಲು ಅಂತ ಬೋರ್ಡ್ ಆಕಿಲ್ವಾ? ಇವತ್ತೇ ಮೇಡಮ್ಮೋರು ಬತ್ತಾವ್ರೆ!"

ಯಮನೂರನ ಕಣ್ಣೆದುರು ಪರ್ಮನೆಂಟ್ ಲೆಟರ್ ರೆಕ್ಕೆ ಮೂಡಿ ಹಾರಿತು.

"ರುದ್ರೇಶಾ, ಮುಂಜಾನೆ ಫೋಟೋ ತಗದಿದ್ದೆಲ್ಲ? ತಗಿ, ಹಂಗ ವಾಪಸ್ ಇಡೂನು!"

ರುದ್ರೇಶ ಫೋನು ತೆಗೆದ. ಇದ್ದವೆಲ್ಲ ಸೆಲ್ಫಿಗಳೇ. ಪರದೆ ತುಂಬ ಅವನ ಮುಖ. ಎಡಗಿವಿಯ ಹಿಂದೆ ಒಂದೂವರೆ ಕಲ್ಲು.

"ಮಾರಿ ಸರಿಸಲೇ!"

"ಫೋಟೋದಲ್ಲಿರೋ ಮುಖಾನ ಹೆಂಗ್ ಸರ್ಸೋದು ಗುರು?"

ಆ ಇಪ್ಪತ್ತೊಂದು ಜನರಲ್ಲಿ ತಲೆ ಓಡಿದ್ದು ನರಸಪ್ಪನದು ಮಾತ್ರ. ಕೆಲಸ ಬಿಟ್ಟು ಮದುವೆಗೆ ಹೋಗಿದ್ದು ಗೊತ್ತಾದರೆ ಅವನಿಗೂ ಉಳಿಗಾಲವಿರಲಿಲ್ಲ.

"ಎದ್ರುಬೇಡಿ. ನಾನು ಇಲ್ಲೇ ಇದ್ದೆ ಅಂತ ನೀವು ಏಳಿ, ನೀವು ಮುಟ್ನಿಲ್ಲ ಅಂತ ನಾನು ಏಳ್ತೀನಿ. ಒತ್ತಾರೆ ಪೀಣ್ಯದ ಯಾವ್ದೋ ಕಂಪ್ನಿಯೋರು ಬಂದು, ಬ್ಯಾಡ ಅಂದ್ರೂ ಕೇಳ್ದೆ ಇಂಗ್ ಮಾಡಿ ಓದ್ರು. ಆಯ್ತಾ?"

ಇಪ್ಪತ್ತೂ ಜನ ಆಣೆಯಿಟ್ಟರು. ಯಮನೂರ ಒಬ್ಬೊಬ್ಬರ ಫೋನನ್ನೂ ತಾನೇ ಹಿಡಿದು, ಆ ದಿನದ ಫೋಟೋಗಳನ್ನೆಲ್ಲ ಒಂದೂ ಉಳಿಯದಂತೆ ಅಳಿಸಿಹಾಕಿದ. ಅದರಲ್ಲೂ ಅಚ್ಚುಕಟ್ಟು.

ಸಂಜೆ ಸಿದ್ಧಾರ್ಥ್ ಬಂದರು. ಕೆಳಗೆ ಬಾಗಿಲಲ್ಲಿ ಪರಿಚಯವಾದ ಪುರಾತತ್ವ ಇಲಾಖೆಯ ಅಧಿಕಾರಿ ಲಾವಣ್ಯ ಮೇಡಂ ಕೂಡ ಅವರ ಜೊತೆಗೇ ಮೇಲೆ ಬಂದರು. ಅಂಗಳ ಕಂಡು ಮೇಡಂ ಗಕ್ಕನೆ ನಿಂತರು. ಸಾಲುಗಳ ನಡುವೆ ನಡೆದರು. ಒಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆಯೆತ್ತಿ ಕೇಳಿದರು:

"ಯಾರು ಇದನ್ನ ಮಾಡಿದ್ದು?"

"ನಾವಲ್ರೀ ಮೇಡಂ!" ಯಮನೂರನ ದನಿ ಬೆಲ್ಟು ಸಡಿಲವಾದ ಗಿರಣಿಯಂತೆ ಕಿರುಗುಟ್ಟಿತು. "ಪೀಣ್ಯದ ಮಂದಿರೀ. ನಾವು ಬರೂದ್ರಾಗ ಮುಗಿಸಿಬಿಟ್ಟಿದ್ರು. ಅವ್ರ ಲೀಡರ್ ಒಬ್ಬಾಂವ ಇದ್ದ ನೋಡ್ರಿ, ಟೇಪ್ ಹಿಡಕೊಂಡು, ಅರೆಹುಚ್ಚನಂಗ, ಒಂದೊಂದು ಕಲ್ಲಿನ ದಪ್ಪ ಅಳದು, ನಂಬರೆಲ್ಲಾ ಅಳಸಿ..."

"ಊ ಮೇಡಮ್ಮೋರೇ, ನಾನ್ ಇಲ್ಲೇ ಇದ್ದೆ" ಎಂದ ನರಸಪ್ಪ, ವೀಳ್ಯ ನುಂಗಿಕೊಂಡು. ಇಪ್ಪತ್ತು ತಲೆಗಳು ಒಟ್ಟಿಗೆ ಆಡಿದವು.

"ದಪ್ಪ ಅಳೆದು ಜೋಡ್ಸಿದ್ರಾ!" ಮೇಡಂ ಕಣ್ಣು ಅರಳಿದವು. "ಸಾರ್, ಹಳೇ ಕಾಂಟ್ರ್ಯಾಕ್ಟರ್ ಹಾಕಿದ್ದ ನಂಬರೆಲ್ಲ ತಪ್ಪು. ಬಾಗಿಲಿನ ಕಲ್ಲು ತಂದು ಮಂಟಪಕ್ಕೆ ಸೇರ್ಸಿದ್ದ. ಕಟ್ಟಿದವರು ಒಂದೊಂದು ಸಾಲಿಗೂ ಒಂದೇ ದಪ್ಪದ ಕಲ್ಲು ಕಡ್ದಿದ್ರು. ನಂಬರ್ ಅಳ್ಸಿ, ದಪ್ಪದ ಮೇಲೆ ವಿಂಗಡಿಸಿದ್ರೆ ಮಂಟಪ ತಾನಾಗೇ ಸಿಗತ್ತೆ. ಅದಕ್ಕೆ ಆಳು ಕೊಡಿ ಅಂತ ಕೇಳಿ ಕೇಳಿ ಸಾಕಾಗಿತ್ತು. ಸ್ವಲ್ಪ ಕೈ ಹಾಕಿ, ಈ ಎರಡನ್ನ ಸೇರ್ಸಿ ನೋಡೋಣ."

ನಾಲ್ಕು ಜನ ತಳ್ಳಿದರು. ಒಂದು ಕಲ್ಲಿನ ಅಂಚಿಗೆ ಬಂದು ಅರ್ಧಕ್ಕೇ ನಿಂತಿದ್ದ ಕೆತ್ತನೆಯ ಆನೆಯ ಮೈಗೆ ಇನ್ನೊಂದು ಕಲ್ಲಿನ ಸೊಂಡಿಲು ಹೋಗಿ ಕೂಡಿಕೊಂಡಿತು. ಸಂದೇ ಕಾಣಲಿಲ್ಲ. ಇಳಿಬಿಸಿಲು ಬಿದ್ದು, ಆನೆ ಆಗಷ್ಟೇ ಉಸಿರೆಳೆದುಕೊಂಡಂತೆ ಕಂಡಿತು. ಯಮನೂರನಿಗೆ ಜೈಲು, ಲೆಟರು, ಪೀಣ್ಯ ಎಲ್ಲ ಮರೆತು ಕಣ್ಣು ತುಂಬಿದವು.

ಮರುಕ್ಷಣ ಲೆಟರ್ ನೆನಪಾಯಿತು.

"ಸರ, ಖರೇ ಹೇಳ್ಬೇಕಂದ್ರ... ಇದನ್ನ ಮಾಡ್ದಾಂವ ನಾನ ರೀ!"

ಸಿದ್ಧಾರ್ಥ್ ಮುಖ ಗಂಟಿಕ್ಕಿತು. "ಯಮ್ನೂರ್! ಬೇರೆಯವ್ರ ಕೆಲ್ಸಕ್ಕೆ ಕ್ರೆಡಿಟ್ ತಗೊಳ್ಳೋದಾ? ವೆರಿ ಬ್ಯಾಡ್. ಫೋಟೋ ಏನಾದ್ರೂ ಇದ್ಯಾ?"

ಯಮನೂರ ರುದ್ರೇಶನ ಕಡೆ ನೋಡಿದ. ರುದ್ರೇಶ ಆಕಾಶದ ಹದ್ದನ್ನು ನೋಡಿದ.

"ನರಸಪ್ಪಣ್ಣ, ನೀನರ ಹೇಳೋ!"

ಕೊಟ್ಟ ಮಾತಿಗೆ ತಪ್ಪುವ ಆಸಾಮಿಯೇ ನರಸಪ್ಪ? ಎದೆ ಮುಟ್ಟಿಕೊಂಡು ಮುಂದೆ ಬಂದ. "ತಾಯಾಣೆಗೂ ಇವ್ರು ಒಂದ್ ಕಲ್ಲೂ ಮುಟ್ನಿಲ್ಲ ಸಾಮಿ! ಬೆಳಗಿಂದ ಗೋಡೆ ನೋಡ್ಕೊಂಡು ಬಾಯ್ ಬಿಟ್ಕೊಂಡ್ ನಿಂತಿದ್ರು. ನಾನ್ ಕಣ್ಣಾರೆ ಕಂಡಿವ್ನಿ!"

ಸಿದ್ಧಾರ್ಥ್ ಮತ್ತೊಮ್ಮೆ ಆನೆಯನ್ನು ನೋಡಿದರು, ಸಾಲುಗಳನ್ನು ನೋಡಿದರು, ನಿಟ್ಟುಸಿರಿಟ್ಟು ಯಮನೂರನ ಹೆಗಲ ಮೇಲೆ ಕೈಯಿಟ್ಟರು.

"ಇಟ್ಸ್ ಓಕೆ. ನಿಮ್ಗೆ ಒಂದು ಕೆಲ್ಸ ಕೊಡ್ತೀನಿ. ನಾಳೆಯಿಂದ ಪೀಣ್ಯದಲ್ಲಿ ಗಲ್ಲಿ ಗಲ್ಲಿ ತಿರುಗಿ, ಆ ಟೇಪ್ ಹಿಡ್ಕೊಂಡಿದ್ದ ಅರೆಹುಚ್ಚ ಯಾರು ಅಂತ ಹುಡುಕಿ ಕರ್ಕೊಂಡ್ ಬನ್ನಿ. ನಿಮ್ ಲೆಟರ್‌ನ ಅವ್ನ ಹೆಸರಿಗೆ ಮಾಡ್ಸೋಣ. ಅಂಥವ್ನು ನಮ್ಗೆ ಪರ್ಮನೆಂಟಾಗಿ ಬೇಕು!"